ಬೆಂಚಿಲ್ಲದ ಎಂಟನೆಯವನು

ಮರುಳಸಿದ್ದಪ್ಪ ಮೇಷ್ಟ್ರು ನಿವೃತ್ತರಾಗಿ ಎಂಟು ವರ್ಷವಾಗಿತ್ತು. ಅವರ ಬಾಯಿ ಮಾತ್ರ ಇನ್ನೂ ಸರ್ವೀಸಿನಲ್ಲೇ ಇತ್ತು. ಕೊಡ್ಲಿಪೇಟೆಯ ಬಸ್‌ಸ್ಟ್ಯಾಂಡಿನಲ್ಲಿ ಯಾರಾದರೂ ಹಳೇ ವಿದ್ಯಾರ್ಥಿ 'ಹೌ ಆರ್ ಯೂ ಸರ್' ಅಂದುಬಿಟ್ಟರೆ ಮುಗಿಯಿತು. ಆ ವಾಕ್ಯವನ್ನು ನಿಂತಲ್ಲೇ ಬಿಚ್ಚಿ, ಇದು ಪ್ರೊನೌನು, ಇದು ವರ್ಬು ಎಂದು ಒಂದೊಂದನ್ನೂ ಒರೆಸಿ ತೋರಿಸಿ, ಮತ್ತೆ ಜೋಡಿಸಿ ಅವನ ಕೈಗೆ ಕೊಟ್ಟು ಕಳಿಸುತ್ತಿದ್ದರು. ಅಷ್ಟು ಹೊತ್ತಿಗೆ ಅವನ ಬಸ್ಸು ಶನಿವಾರಸಂತೆ ದಾಟಿರುತ್ತಿತ್ತು.

ಹೀಗಿರುವಾಗ ಡಿಸೆಂಬರಿನ ಒಂದು ಸಂಜೆ, ನಾಲ್ಕನೇ ಕ್ಲಾಸಿನ ಮೊಮ್ಮಗಳು ಲಿಖಿತಾ ಪುಸ್ತಕ ಹಿಡಿದು ಬಂದು, "ಅಜ್ಜ, ನಾಳೆ ಪಾರ್ಟ್ಸ್ ಆಫ್ ಸ್ಪೀಚ್ ಟೆಸ್ಟು" ಅಂದಾಗ ಅವರ ಮುಖ ಹೇಗೆ ಅರಳಿರಬೇಡ! ಪುಸ್ತಕ ಕಿತ್ತುಕೊಂಡು ಪಕ್ಕಕ್ಕಿಟ್ಟರು.

"ಎಂಟೇ ಎಂಟು ಭಾಗ ಕಣವ್ವ. ನಾನು ಬೋರ್ಡ್ ಮೇಲೆ ಬರೀತಾನೇ ಇರ್ಲಿಲ್ಲ. ಎಂಟು ಹುಡುಗ್ರನ್ನ ಎಬ್ಬಿಸಿ ನಿಲ್ಲಿಸ್ತಿದ್ದೆ. ಕೀರ್ತಿಕುಮಾರ ಅಂತ ಒಬ್ಬ. ಬೆಂಚು, ಡೆಸ್ಕು, ಸ್ಕೂಲಿನ ಮುಂದಿನ ಹಲಸಿನ ಮರ, ಎಲ್ಲದ್ರ ಮೇಲೂ ತನ್ನ ಹೆಸರು ಕೆತ್ತೋನು. ಅವನು ನೌನು. ಅವನು ಬರದಿದ್ದ ದಿನ ಅವನ ಹಾಜರಿ ಕೂಗೋಕೆ ಇನ್ನೊಬ್ಬ ಇದ್ದ, ಅವನು ಪ್ರೊನೌನು. ಅಶೋಕ ಒಂದು ಕಡೆ ಕೂತೋನೇ ಅಲ್ಲ, ವರ್ಬು. ಅವನ ಹಿಂದೆ ಓಡೋನು ಅಡ್ವರ್ಬು. ಪೌಡರ್ ಬಳ್ಕೊಂಡು ಬರೋನು ಅಡ್ಜೆಕ್ಟಿವು. ಬೆಂಚಿನ ಕೆಳಗೋ ಮೇಲೋ ಸಂದೀಲೋ ಇರೋನು ಪ್ರಿಪೊಸಿಷನ್ನು. ಜಗಳ ಆಡೋ ಇಬ್ರ ಮಧ್ಯ ಕೂರ್ಸೋಕೆ ಒಬ್ಬ ದಪ್ಪನೆಯವನಿದ್ದ, ಕಂಜಂಕ್ಷನ್ನು. ಎಲ್ಲರಿಗೂ ಅವರವರ ಬೆಂಚು."

ಲಿಖಿತಾ ಬೆರಳು ಮಡಚುತ್ತಿದ್ದಳು. "ಏಳಾಯ್ತು."

"ಎಂಟನೆಯವನು ಇಂಟರ್ಜೆಕ್ಷನ್ನು. ಅವನದ್ದೇ ಮಜಾ. ನಾನು ಬೆತ್ತ ಎತ್ತೋಕೆ ಮುಂಚೇನೇ 'ಅಯ್ಯೋ!' ಅನ್ನೋನು. ಇಡೀ ಕ್ಲಾಸು ಬಿದ್ದು ಬಿದ್ದು ನಗೋದು."

"ಅವನ ಬೆಂಚು ಯಾವ್ದು?"

"ಬೆಂಚೇ ಇಲ್ಲ!" ಮೇಷ್ಟ್ರು ತೊಡೆ ತಟ್ಟಿದರು. "ಇಂಟರ್ಜೆಕ್ಷನ್ನಿಗೂ ವಾಕ್ಯಕ್ಕೂ ಸಂಬಂಧ ಇಲ್ಲವಲ್ಲ. ತೆಗೆದು ಆಚೆ ಇಟ್ರೂ ವಾಕ್ಯ ಕೆಡಲ್ಲ. ಅದಕ್ಕೇ ಅವನನ್ನ ಬಾಗಿಲ ಹೊರಗೆ, ಕುಡಿಯೋ ನೀರಿನ ಹಂಡೆ ಪಕ್ಕ ಕೂರ್ಸಿದ್ದೆ. ವರ್ಷ ಪೂರ್ತಿ. ಇನ್ಸ್‌ಪೆಕ್ಷನ್ನಿಗೆ ಬಂದ ಸಾಹೇಬ್ರು 'ಇವನ್ಯಾಕೆ ಇಲ್ಲಿ' ಅಂದ್ರು. ನಾನು 'ಗ್ರಾಮರ್ ಸರ್' ಅಂದೆ. ಅವರೂ ನಕ್ಕುಬಿಟ್ರು."

ಲಿಖಿತಾ ಕೂತಲ್ಲೇ ಉರುಳಾಡಿ ನಕ್ಕಳು. "ಅಯ್ಯೋ! ಅಯ್ಯೋ!" ಎಂದು ಅಭಿನಯಿಸಿ ತೋರಿಸಿದಳು. ಅಡಿಗೆಮನೆಯಿಂದ ಅಕ್ಕಿರೊಟ್ಟಿ ಸೀದ ವಾಸನೆ ಬಂತು.

ಸೊಸೆ ದಿವ್ಯಶ್ರೀ ಬಾಗಿಲಲ್ಲಿ ನಿಂತಿದ್ದಳು. ಕೈಗೆಲ್ಲ ಹಿಟ್ಟು.

"ಲಿಖಿತಾ, ಅಂಗಳಕ್ಕೆ ಹೋಗು. ಅಜ್ಜಿ ಒಬ್ರೇ ಕಾಫಿಹಣ್ಣು ರಾಶಿ ಮಾಡ್ತಿದಾರೆ. ಟಾರ್ಪಾಲು ಹಿಡ್ಕೊ."

ಹುಡುಗಿ 'ಅಯ್ಯೋ' ಅನ್ನುತ್ತಲೇ ಓಡಿದಳು. ದಿವ್ಯಶ್ರೀ ಮಾವನ ಕಡೆ ತಿರುಗಿದಳು.

"ಆ ಹುಡ್ಗ ಸ್ಕೂಲ್ ಬೆಲ್ಲು ಹೊಡೀತಿದ್ನಾ ಮಾವ?"

"ಹೂಂ ಮತ್ತೆ! ಹೊರಗೇ ಇದ್ನಲ್ಲ, ಅವನಿಗೇ ವಹಿಸಿದ್ದೆ. ನಿಂಗೆ ಹೆಂಗೆ ಗೊತ್ತು?"

"ಹೆಸ್ರೇನು ಅವಂದು?"

"ಹೆಸರಾ..." ಮೇಷ್ಟ್ರು ಸೂರು ನೋಡಿದರು. "ಅದ್ಯಾರಿಗೆ ನೆನಪಿರ್ತದೆ. ಇಂಟರ್ಜೆಕ್ಷನ್ ಅಂತಲೇ ಕರೀತಿದ್ದಿದ್ದು."

"ಹೆಚ್. ಎಸ್. ರೇವಣ್ಣ," ಅಂದಳು ದಿವ್ಯಶ್ರೀ. ಸೆರಗಿಗೆ ಕೈ ಒರೆಸಿಕೊಂಡಳು. "ನಮ್ಮಪ್ಪ."

ಒಲೆಯ ಮೇಲೆ ಇನ್ನೊಂದು ರೊಟ್ಟಿ ಸೀಯತೊಡಗಿತ್ತು. ಅವಳು ಒಳಗೆ ಹೋಗಿ ಅದನ್ನು ಮಗುಚಿ ಹಾಕಿದಳು.

ರೇವಣ್ಣನವರು ಈ ಕಥೆಯನ್ನು ಮಗಳಿಗೆ ಎಷ್ಟೋ ಸಲ ಹೇಳಿದ್ದರು. ಹಂಡೆ, ಬೆಲ್ಲು, ಎಲ್ಲ ಇತ್ತು. ಊಟಕ್ಕೆ ಕೂತಾಗ ನಗಿಸಲಿಕ್ಕೆಂದು ಹೇಳುತ್ತಿದ್ದ ಕಥೆ ಅದು. 'ನಮ್ಮ ಇಂಗ್ಲಿಷ್ ಮೇಷ್ಟ್ರು' ಅನ್ನುತ್ತಿದ್ದರೇ ಹೊರತು ಹೆಸರೆತ್ತಿರಲಿಲ್ಲ. ಸೋದರಮಾವನ ಮನೆಯಲ್ಲಿದ್ದುಕೊಂಡು ಈ ಕಡೆಯ ಹೈಸ್ಕೂಲಿನಲ್ಲಿ ಒಂದೂವರೆ ವರ್ಷ ಓದಿ, ಹಾರಂಗಿಯ ತಮ್ಮೂರಿಗೆ ವಾಪಸಾದವರು. ಮಗಳನ್ನು ಕೊಟ್ಟಿದ್ದು ಆಮೇಲೆ ಎಷ್ಟೋ ವರ್ಷಕ್ಕೆ. ಹೆಣ್ಣು ನೋಡಲು ಬಂದವರಲ್ಲಿ ಹುಡುಗನ ಅಪ್ಪನನ್ನು ಕಂಡು ಯಾಕೆ ಅವತ್ತೆಲ್ಲ ಮೌನವಾಗಿದ್ದರೋ, ದಿವ್ಯಶ್ರೀಗೆ ಈಗ ಹೊಳೆಯಿತು.

ಮೇಷ್ಟ್ರಿಗೂ ಒಂದೊಂದೇ ಹೊಳೆಯುತ್ತಿತ್ತು. ಹತ್ತು ವರ್ಷದಿಂದ ಬೀಗರು ಬಂದಾಗಲೆಲ್ಲ ಜಗಲಿಯಲ್ಲೇ ಕೂರುತ್ತಿದ್ದರು. ಒಳಗೆ ಕರೆದರೆ 'ಇರ್ಲಿ ಬಿಡಿ ಮೇಷ್ಟ್ರೇ, ಕಾಲು ಕೆಸರು' ಅನ್ನುತ್ತಿದ್ದರು. ಬೇಸಿಗೆಯಲ್ಲೂ ಕೆಸರು! ಇವರು ಅದನ್ನು ವಿನಯ ಎಂದುಕೊಂಡು ನಾಲ್ಕು ಜನರ ಮುಂದೆ ಹೊಗಳಿದ್ದರು. ಮದುವೆಯ ದಿನ ಹೆಣ್ಣಿನ ಕಡೆಯವರು ಕಟ್ಟಿಸಿದ ಬ್ಯಾನರಿನಲ್ಲಿ 'ವೆಲ್' ಒಂದು ಕಡೆ, 'ಕಮ್' ಒಂದು ಕಡೆ ಬಿದ್ದಿತ್ತು. 'ಬಾವಿ ಇಲ್ಲಿದೆ, ಬನ್ನಿ ಅಂತಿದಾರೆ ನಮ್ಮ ಬೀಗರು' ಎಂದು ಊಟದ ಪಂಕ್ತಿಯಲ್ಲಿ ಹಾಸ್ಯ ಮಾಡಿದ್ದರು. ಬೀಗರು ಪಕ್ಕದಲ್ಲೇ ಪಾಯಸದ ಬಕೆಟ್ಟು ಹಿಡಿದು ನಿಂತಿದ್ದರು.

ಅವತ್ತು ರಾತ್ರಿಯೂಟಕ್ಕೆ ಮೇಷ್ಟ್ರು ಒಂದು ರೊಟ್ಟಿಗೆ ಎದ್ದರು.

ಮರುದಿನ ಬೆಳಗ್ಗೆ ದಿವ್ಯಶ್ರೀ ಲೋಟ ತಂದಿಟ್ಟು, "ಸರ್, ಕಾಫಿ" ಅಂದಳು.

ಮೇಷ್ಟ್ರು ಪೇಪರಿನಿಂದ ತಲೆಯೆತ್ತಿದರು. ಅವಳು ಹೋಗಿಯಾಗಿತ್ತು. ಒಂಬತ್ತು ಗಂಟೆಗೆ "ಸರ್, ತಿಂಡಿ." ಮಧ್ಯಾಹ್ನ "ಸರ್, ಊಟಕ್ಕೆ ಬನ್ನಿ." ಮೂವತ್ತು ವರ್ಷ ಸಾವಿರಾರು ಬಾಯಿಂದ ಕೇಳಿ ಕಿವಿಗೆ ಜೇನಾಗಿದ್ದ ಪದ. ಈಗ ಸೊಸೆ ಅದನ್ನು ದಿನಕ್ಕೆ ನಾಲ್ಕು ಸಲ ಬಡಿಸುತ್ತಿದ್ದಳು, ಸಾರಿನ ಜೊತೆ.

ಹೆಂಡತಿ ಸುಮಿತ್ರಮ್ಮ ಎರಡು ದಿನ ತಡೆದುಕೊಂಡಳು. ಮೂರನೆಯ ದಿನ ಸೊಸೆಯನ್ನು ಹಿಡಿದು ನಿಲ್ಲಿಸಿದಳು.

"ಅದೆಂತದೇ ಸರ್ ಗಿರ್? ಮನೆಯೋ ಸ್ಕೂಲೋ ಇದು?"

"ನಮ್ಮಪ್ಪಂಗೆ ಸರ್ ಆದವರು ನಂಗೆ ಮಾವ ಹೆಂಗಾಗ್ತಾರೆ ಅತ್ತೆ?"

ಕೇಳಿ ತಿಳಿದುಕೊಂಡ ಸುಮಿತ್ರಮ್ಮ ಸೌಟು ಕೆಳಗಿಡದೇ ಗಂಡನ ಮುಂದೆ ಬಂದು ನಿಂತಳು. ಮಗ ನಿರಂಜನ್ ಪೇಟೆಯಲ್ಲಿ ಗೊಬ್ಬರದ ಅಂಗಡಿ ಇಟ್ಟಿದ್ದ. ಅವನೂ ಆಗತಾನೇ ಊಟಕ್ಕೆ ಬಂದಿದ್ದ.

"ಹೌದೇನ್ರಿ? ಬೀಗರನ್ನ ವರ್ಷಗಟ್ಲೆ ಆಚೆ ಕೂರ್ಸಿದ್ರಾ?"

"ಆಗ ಅವರು ಬೀಗರಾಗಿರ್ಲಿಲ್ಲ ಕಣೇ!"

"ಬೀಗರಾಗ್ತಾರೆ ಅಂತ ಗೊತ್ತಿದ್ರೆ ಒಳಗೆ ಕೂರಿಸ್ತಿದ್ರಾ?"

ಗೊತ್ತಿದ್ದರೆ ಮೇಷ್ಟ್ರು ಖಂಡಿತ ಒಳಗೆ ಕೂರಿಸುತ್ತಿದ್ದರು, ಮೊದಲ ಬೆಂಚಿನಲ್ಲಿ. ಅದನ್ನು ಬಾಯಿಬಿಟ್ಟು ಹೇಳಿದರೆ ಇನ್ನೂ ಕೆಡುತ್ತದೆಂದು ಅವರಿಗೇ ಅರ್ಥವಾಯಿತು.

"ಅಪ್ಪಾಜಿ, ಒಂದು ಫೋನ್ ಹೊಡ್ದು ಸಾರಿ ಅಂದ್ಬಿಡಿ, ಮುಗೀತು," ಅಂದ ನಿರಂಜನ್, ಅನ್ನ ಕಲಸುತ್ತಾ. "ನಾನು ದಿನಕ್ಕೆ ಹತ್ತು ಸಾರಿ ಹೇಳ್ತೀನಿ ಗಿರಾಕಿಗಳಿಗೆ."

"ಗೊಬ್ಬರ ಬಂದಿಲ್ಲ ಅನ್ನೋದಕ್ಕೂ ಇದಕ್ಕೂ ಒಂದೇನಾ?" ದಿವ್ಯಶ್ರೀ ಗಂಡನ ತಟ್ಟೆಗೆ ಮಜ್ಜಿಗೆ ಸುರಿದಳು. ಅವನು ಇನ್ನೂ ಸಾರನ್ನವನ್ನೇ ಮುಗಿಸಿರಲಿಲ್ಲ.

"ನನ್ ಮೇಲೆ ಯಾಕೆ ಸುರೀತಿಯಾ? ನಾನು ಹುಟ್ಟೇ ಇರ್ಲಿಲ್ಲ ಆವಾಗ!"

"ಲಿಖಿತಾಗೆ ಮಾತ್ರ ಹೇಳ್ಬೇಡಿ ಯಾರೂ," ಅಂದಳು ಅವಳು. "ಅವಳು ಅದನ್ನ ಕ್ಲಾಸಲ್ಲೆಲ್ಲ ಹೇಳಿ ನಗ್ಸಿ ಬಂದಿದಾಳೆ. ಟೆಸ್ಟಲ್ಲಿ ಹತ್ತಕ್ಕೆ ಹತ್ತು."

ಮುಂದಿನ ವಾರ ಹಾರಂಗಿಯಿಂದ ಪಿಕಪ್ಪಿನಲ್ಲಿ ಎರಡು ಮೂಟೆ ಹೊಸ ಅಕ್ಕಿ ಬಂತು. ಮಗಳ ಮನೆಗೆಂದು ವರ್ಷವರ್ಷವೂ ಬರುತ್ತಿದ್ದದ್ದೇ. ಹಾರಂಗಿಯ ನಾಲೆಯ ನೀರಲ್ಲಿ ಬೆಳೆದ ಅಕ್ಕಿ, ಮೇಷ್ಟ್ರು ಪ್ರತಿವರ್ಷ ಮೊದಲ ತುತ್ತಿಗೇ 'ಎಕ್ಸಲೆಂಟ್' ಎಂದು ಮಾರ್ಕ್ಸು ಕೊಡುತ್ತಿದ್ದರು. ಈ ಸಲ ತಲೆ ತಗ್ಗಿಸಿ ಉಂಡರು.

"ಯಾಕ್ರಿ, ಮಾರ್ಕ್ಸು ಕೊಡ್ಲಿಲ್ಲ?" ಸುಮಿತ್ರಮ್ಮ ಇನ್ನೊಂದು ಸೌಟು ಹಾಕಿದಳು. "ಆಚೆ ಕೂತವರು ಬೆಳೆದಿದ್ದು ಒಳಗೆ ಇಳೀತಾ ಇಲ್ವಾ?"

"ಸುಮ್ನಿರೇ."

"ಮೂವತ್ತೆಂಟು ವರ್ಷ ಸುಮ್ನಿದ್ರಲ್ಲ ಅವರು, ಅಷ್ಟೆಲ್ಲ ನಂಗಾಗಲ್ಲಪ್ಪ."

ಮೇಷ್ಟ್ರು ಅಂಗಳಕ್ಕೆ ಹೋಗಿ ಕಾಫಿಹಣ್ಣನ್ನು ಕಾಲಿಂದ ಕದಡತೊಡಗಿದರು. ಆಗಲೇ ಎರಡು ಸಲ ಕದಡಿಯಾಗಿತ್ತು. ಬಿಸಿಲಿಗೆ ಹರಡಿದ ಹಣ್ಣು ಒಂದೇ ಸಮ ಒಣಗಬೇಕಲ್ಲ ಎಂದು ತಮ್ಮಷ್ಟಕ್ಕೆ ಹೇಳಿಕೊಂಡರು.

ಜನವರಿಯ ಮೊದಲ ಭಾನುವಾರ ಮನೆ ಮುಂದೆ ಬಿಳಿ ಕಾರು ನಿಂತಿತು. ಇಳಿದವರು ಕೀರ್ತಿಕುಮಾರ್ ಮತ್ತು ಅಶೋಕ್. ನೌನು ಈಗ ರಸ್ತೆ ಕಂಟ್ರಾಕ್ಟರು. ಪ್ರತಿ ಮೋರಿಯ ಮೇಲೂ ಅವನ ಹೆಸರಿತ್ತು. ವರ್ಬು ಮೊಣಕಾಲು ಆಪರೇಷನ್ ಮಾಡಿಸಿಕೊಂಡು ಕೋಲು ಹಿಡಿದಿದ್ದ. ಇಬ್ಬರೂ ಮೇಷ್ಟ್ರ ಕಾಲಿಗೆ ಬಿದ್ದರು. ವರ್ಬು ಬೀಳಲು ಸ್ವಲ್ಪ ಹೊತ್ತು ಹಿಡಿಯಿತು.

"ಸರ್, ನಮ್ಮ ಬ್ಯಾಚಿನಿಂದ ಗುರುವಂದನೆ. ಇಪ್ಪತ್ತಾರು ಕಳೆದ ಮೇಲಿನ ಭಾನುವಾರ," ಎಂದು ಕೀರ್ತಿಕುಮಾರ್ ಕಾರ್ಡು ಕೊಟ್ಟ. "ಪೇಟ, ಶಾಲು, ಹಣ್ಣಿನ ಬುಟ್ಟಿ, ನಿಮ್ಮದೊಂದು ದೊಡ್ಡ ಫೋಟೋ. ಆಮೇಲೆ ಸರ್‌ಪ್ರೈಸು."

"ಹೇಳ್ಬಿಟ್ರೆ ಸರ್‌ಪ್ರೈಸ್ ಹೆಂಗಾಗ್ತದೋ," ಅಂದ ಅಶೋಕ್. ತಾನೇ ಹೇಳಿದ: "ಸರ್, ಎಂಟೂ ಜನ ಸ್ಟೇಜ್ ಮೇಲೆ ನಿಂತ್ಕೊಂಡು ಹಳೇ ಪಾಠ ಮಾಡಿ ತೋರಿಸ್ತೀವಿ. ಏಳು ಜನ ವಾಟ್ಸಪ್ಪಲ್ಲಿ ಸಿಕ್ಕಿದೀವಿ. ಇಂಟರ್ಜೆಕ್ಷನ್ ಒಬ್ನೇ ಇಲ್ಲ. ಅವನಿಲ್ದೇ ಮಜಾನೇ ಇಲ್ಲ ಸರ್. ಎಲ್ಲಿದಾನೆ ಗೊತ್ತಾ ನಿಮ್ಗೆ?"

ದಿವ್ಯಶ್ರೀ ಕಾಫಿಯ ತಟ್ಟೆ ಹಿಡಿದು ಹೊಸ್ತಿಲಲ್ಲಿ ನಿಂತಿದ್ದಳು.

ಮೇಷ್ಟ್ರು ಅವಳನ್ನು ನೋಡಿದರು. ಆಮೇಲೆ ಕಾರ್ಡಿನ ಮೇಲೆ ಚಿನ್ನದ ಬಣ್ಣದಲ್ಲಿ ಅಚ್ಚಾಗಿದ್ದ ತಮ್ಮ ಹೆಸರನ್ನು ನೋಡಿದರು.

"ಗೊತ್ತಿಲ್ಲಪ್ಪ," ಅಂದರು. "ಎಲ್ಲಿದಾನೋ ಏನೋ."

ತಟ್ಟೆಯಲ್ಲಿ ಲೋಟಗಳು ಒಂದಕ್ಕೊಂದು ತಾಗಿದ ಸದ್ದು. ಅವಳು ಬಂದು ಎಲ್ಲರಿಗೂ ಕಾಫಿ ಕೊಟ್ಟಳು. "ನಮ್ ಸೊಸೆ," ಅಂದರು ಮೇಷ್ಟ್ರು. "ಯಾವೂರಮ್ಮ ನಿಮ್ದು?" ಅಂದ ಕೀರ್ತಿಕುಮಾರ್. ಅವಳು, "ಸರ್‌ನ ಕೇಳಿ" ಎಂದು ಒಳಗೆ ಹೋದಳು. ಇಬ್ಬರೂ ನಕ್ಕರು. ಎಷ್ಟು ಶಿಸ್ತು ನೋಡಿ, ಮನೆಯಲ್ಲೂ ಸರ್ ಅಂತಾರೆ!

ಕಾರು ತಿರುವು ದಾಟುವವರೆಗೆ ಕಾದು ಅವಳು ಜಗಲಿಗೆ ಬಂದಳು.

"ಒಂದು ವಿಷಯ. ಅವತ್ತು ನಿಮಗೆ ನಿಜವಾಗಿ ಮರ್ತಿತ್ತು. ಅದನ್ನ ನುಂಗ್ಕೊಂಡೆ. ಇವತ್ತು ಗೊತ್ತಿದ್ದೂ ಗೊತ್ತಿಲ್ಲ ಅಂದ್ರಿ."

"ದಿವ್ಯ, ಅವರ ಮುಂದೆ ಹೇಳಿದ್ರೆ ಬೀಗರಿಗೇ ಅವಮಾನ..."

"ಬೀಗರಿಗಾ, ನಿಮಗಾ?" ಅವಳ ದನಿ ಏರಲಿಲ್ಲ. "ಗೊತ್ತಿಲ್ಲ ಅಂತ ಯಾರ ಮುಂದೆ ಹೇಳಿದ್ರೋ ಅವರ ಮುಂದೆನೇ ಗೊತ್ತು ಅಂತ ಹೇಳಿ. ಅಲ್ಲೀವರ್ಗೂ ನೀವು ನಂಗೆ ಸರ್ರೇ. ಫಂಕ್ಷನ್ನಿಗೆ ಬರ್ತೀನಿ, ಲಿಖಿತಾನೂ ಕರ್ಕೊಂಡು. ಹೇಳದಿದ್ರೆ ಅಲ್ಲಿಂದಲೇ ಹಾರಂಗಿ ಬಸ್ ಹತ್ತುತೀನಿ. ಆಮೇಲೆ ವಾಪಸ್ ಬರೋದು ನಿರಂಜನ್ ಜೊತೆ ಮಾತಾಡಿ ನೋಡ್ತೀನಿ."

ಒಳಗಿನಿಂದ ನಿರಂಜನ್, "ನನ್ನ ಯಾಕೆ ಮಧ್ಯ ಸೇರಿಸ್ತೀಯೇ" ಅಂದ.

ಮೂರು ದಿನ ಬಿಟ್ಟು ಮೇಷ್ಟ್ರು ಇಸ್ತ್ರಿಯಾದ ಪಂಚೆ ಉಟ್ಟು, ಬಾಳೆಹಣ್ಣಿನ ಚಿಪ್ಪೊಂದನ್ನು ಚೀಲದಲ್ಲಿಟ್ಟುಕೊಂಡು ಬಸ್ಸು ಹತ್ತಿದರು. ಸೋಮವಾರಪೇಟೆಯಲ್ಲಿ ಇಳಿದು ಹತ್ತಿ, ಕುಶಾಲನಗರದಲ್ಲಿ ಇಳಿದು ಹತ್ತಿ, ದಾರಿಯುದ್ದಕ್ಕೂ ಹೇಳಬೇಕಾದದ್ದನ್ನು ಬಾಯಿಪಾಠ ಮಾಡಿದರು. ಇಂಗ್ಲಿಷಿನಲ್ಲಿ ಸಲೀಸಾಗಿ ಬರುತ್ತಿತ್ತು. ಆದರೆ ಅದೇ ಭಾಷೆಯಲ್ಲಿ ಹೇಳಲಿಕ್ಕೆ ನಾಚಿಕೆ ತಡೆಯಿತು. ಕನ್ನಡದಲ್ಲಿ 'ನಂದು ತಪ್ಪಾಯ್ತು' ಎಂದು ಹಿಂದೆ ಯಾರಿಗೆ ಹೇಳಿದ್ದೆ ಎಂದು ಹುಡುಕಿದರು. ಬಸ್ಸು ಹಾರಂಗಿ ಮುಟ್ಟಿದರೂ ಒಬ್ಬರೂ ನೆನಪಾಗಲಿಲ್ಲ.

ರೇವಣ್ಣನವರ ಮನೆಯಂಗಳದಲ್ಲಿ ಹುಲ್ಲಿನ ಬಣವೆ ಒಟ್ಟುವ ಕೆಲಸ ನಡೆದಿತ್ತು. ಬೀಗಿತ್ತಿ ಯಮುನ ನೀರಿನ ಚೊಂಬು ತಂದಳು. ದಿವ್ಯಶ್ರೀಯ ಫೋನು ಮೊದಲೇ ಬಂದಿತ್ತೆಂದು ಅವಳ ಮುಖವೇ ಹೇಳುತ್ತಿತ್ತು.

"ಬನ್ನಿ ಬೀಗ್ರೇ. ಎಲ್ಲಿ ಕೂರ್ಸಣ ನಿಮ್ಮನ್ನ? ಒಳಗೋ, ಹೊರಗೋ?"

"ಯಮುನಾ," ಎಂದು ಬಣವೆಯ ಮೇಲಿನಿಂದ ರೇವಣ್ಣ ಗದರಿದರು.

"ಕೇಳ್ಬಾರ್ದಾ? ನಮಗೆ ಗ್ರಾಮರ್ ಬರಲ್ಲಪ್ಪ, ಅದಕ್ಕೆ ಕೇಳ್ದೆ."

ಮೇಷ್ಟ್ರು ಮುಖ ತೊಳೆಯುವ ನೆಪದಲ್ಲಿ ಮುಖ ಮರೆಸಿಕೊಂಡರು. ಹೊರಗೇ, ಒಕ್ಕಣೆಯ ಕಲ್ಲಿನ ಮೇಲೆ ಕೂತರು. ರೇವಣ್ಣ ಇಳಿದು ಬಂದು ತಲೆಗೆ ಸುತ್ತಿದ ಟವೆಲ್ಲು ಬಿಚ್ಚಿ ಎದುರಿಗೆ ನಿಂತರು. ಐವತ್ತು ದಾಟಿದ ಮನುಷ್ಯ, ಮೇಷ್ಟ್ರ ಎದುರು ಕೂರುವ ಅಭ್ಯಾಸವಿಲ್ಲ.

ಮೇಷ್ಟ್ರು ಈ ವರ್ಷದ ಇಳುವರಿ ಕೇಳಿದರು. ನಾಲೆಯ ನೀರು ಕೇಳಿದರು. ಹಂದಿ ಕಾಟ, ಆನೆ ಕಾಟ ಕೇಳಿದರು. ಅಕ್ಕಿ ಚೆನ್ನಾಗಿದೆ ಎಂದರು. ರೇವಣ್ಣ ಎಲ್ಲಕ್ಕೂ ಉತ್ತರ ಕೊಟ್ಟರು. ಕೇಳಲು ಇನ್ಯಾವ ಕಾಟವೂ ಉಳಿಯದಾದಾಗ ಮೇಷ್ಟ್ರು ನೆಲ ನೋಡುತ್ತಾ, "ನಂಗೆ ಗೊತ್ತಿರ್ಲಿಲ್ಲ ರೇವಣ್ಣ. ನಿಮ್ಮ ಓದು ನನ್ನಿಂದ ನಿಂತೋಯ್ತು" ಅಂದರು.

"ಅಷ್ಟೊಂದು ದೊಡ್ಡವರಾಗ್ಬೇಡಿ ಮೇಷ್ಟ್ರೇ," ಅಂದರು ರೇವಣ್ಣ. ತಮಾಷೆಯೋ ಅಲ್ಲವೋ ತಿಳಿಯಲಿಲ್ಲ. "ನಮ್ಮ ಸೋದರಮಾವ ತೀರ್ಕೊಂಡ್ರು, ಅನ್ನ ಹಾಕೋರಿಲ್ದೇ ವಾಪಸ್ ಬಂದೆ. ಓದು ನಿಂತಿದ್ದು ಅದಕ್ಕೆ. ನನ್ನ ಬದುಕೆಲ್ಲ ನೀವು ಹಾಳು ಮಾಡಿಲ್ಲ."

ಮೇಷ್ಟ್ರಿಗೆ ಸಮಾಧಾನವಾಗಬೇಕಿತ್ತು. ಆಗಲಿಲ್ಲ.

"ಒಂದು ಮಾತ್ರ ಉಳ್ಕೊಂಡಿದೆ," ರೇವಣ್ಣ ಟವೆಲ್ಲು ಮಡಚುತ್ತಾ ಹೇಳಿದರು. "ಜುಲೈ ತಿಂಗಳು. ಎರಚಲು ಹೊಡೀತಿತ್ತು. ಪುಸ್ತಕ ಅಂಗಿ ಒಳಗೆ ಹಾಕ್ಕೊಂಡು ಕೂತಿದ್ದೆ. ನೀವು ಕಿಟಕೀಲಿ ಬಗ್ಗಿ ನೋಡಿದ್ರಿ. ಒಳಗೆ ಬಾ ಅಂತೀರೇನೋ ಅನ್ಕೊಂಡು ಎದ್ದು ನಿಂತೆ. ನೀವು ಕ್ಲಾಸಿನ ಕಡೆ ತಿರುಗಿ, 'ಇಂಟರ್ಜೆಕ್ಷನ್ನು ನೆನೀತಾ ಇದೆ' ಅಂದ್ರಿ. ಮತ್ತೆ ಕೂತ್ಕೊಂಡೆ. ಅಷ್ಟೇ."

ಬಣವೆಯ ಮೇಲಿದ್ದ ಆಳು ಹುಲ್ಲಿನ ಕಂತೆಗಾಗಿ ಕೂಗಿದ. ರೇವಣ್ಣ ಒಂದು ಕಂತೆ ಎತ್ತಿ ಎಸೆದರು.

"ಸ್ಟೇಜ್ ಮೇಲೆ ಎಲ್ಲರೆದುರು ನಿಮ್ಮ ಕ್ಷಮೆ ಕೇಳ್ತೀನಿ," ಅಂದರು ಮೇಷ್ಟ್ರು. "ನೀವೂ ಬನ್ನಿ."

"ಅದೊಂದು ಮಾತ್ರ ಬೇಡ. ದಮ್ಮಯ್ಯ." ರೇವಣ್ಣ ಮೊದಲ ಸಲ ಅವರ ಕಣ್ಣಿಗೆ ಕಣ್ಣು ಕೊಟ್ಟರು. "ನೀವು ಮಾತಾಡೋದ್ರಲ್ಲಿ ಜೋರು. ಅಲ್ಲಿ ನಿಂತು ಕ್ಷಮೆ ಕೇಳಿದ್ರೆ ಜನ ಅಳ್ತಾರೆ, ಚಪ್ಪಾಳೆ ಹೊಡೀತಾರೆ. ಎಂಥ ದೊಡ್ಡ ಮನುಷ್ಯ ಅಂತಾರೆ. ಅದೂ ನಿಮಗೇ ಇನ್ನೊಂದು ಶಾಲು. ನನ್ನನ್ನ ಇಟ್ಕೊಂಡು ಒಂದ್ಸಲ ಪಾಠ ಮಾಡಿದೀರಿ, ಸಾಕು."

"ಮತ್ತೆ ನಾನೇನ್ ಮಾಡ್ಲಿ?"

"ನನ್ನ ಮಗಳಿಗೆ ಏನು ಬೇಕೋ ಅದನ್ನ ಮಾಡಿ. ನಂಗೆ ನೀವು ಬಂದಿದ್ದೇ ಸಾಕು. ಏಳಿ, ಊಟ ಮಾಡಿ ಹೋಗಿ. ಕೊನೇ ಬಸ್ಸು ನಾಲ್ಕೂವರೆಗೆ."

'ತಪ್ಪಾಯ್ತು' ಅನ್ನುವ ಪದ ಊಟದ ತಟ್ಟೆಯ ಮುಂದೆಯೂ ಬಾಯಿಗೆ ಬಂದಿತು. ಅಷ್ಟರಲ್ಲಿ ಯಮುನ ಅದೇ ಬಾಯಿಗೆ ಕಜ್ಜಾಯ ಬಡಿಸಿದ್ದಳು. ವಾಪಸು ಬರುವಾಗ ಬಸ್ಸಿನಲ್ಲಿ ಅವರಿಗೆ ನೆನಪಾಯಿತು, ತಂದ ಬಾಳೆಹಣ್ಣನ್ನೂ ಕೊಟ್ಟಿರಲಿಲ್ಲ.

ಗುರುವಂದನೆಯ ದಿನ ಶಾಲೆಯ ಮೈದಾನದಲ್ಲಿ ಶಾಮಿಯಾನ. ನಾಲ್ಕು ನೂರು ಜನ. ನಿರಂಜನ್, ಸುಮಿತ್ರಮ್ಮ, ದಿವ್ಯಶ್ರೀ ಮುಂದಿನ ಸಾಲಿನಲ್ಲಿ. ಲಿಖಿತಾ ಅಮ್ಮನ ಕಾಲ ಹತ್ತಿರ. ದಿವ್ಯಶ್ರೀಯ ತೊಡೆಯ ಮೇಲೆ ಬಟ್ಟೆಯ ಬ್ಯಾಗಿತ್ತು, ಉಬ್ಬಿದ ಬ್ಯಾಗು. ಮೇಷ್ಟ್ರು ಅದನ್ನು ವೇದಿಕೆಯಿಂದಲೇ ಕಂಡರು.

ಪೇಟ ತೊಡಿಸಿದರು. ಅಳತೆ ದೊಡ್ಡದು, ಹುಬ್ಬಿನವರೆಗೆ ಇಳಿಯಿತು. ಶಾಲು, ಬುಟ್ಟಿ, ಫೋಟೋ. ಆಮೇಲೆ ಏಳು ಜನ ಕೊರಳಿಗೆ ಬೋರ್ಡು ನೇತುಹಾಕಿಕೊಂಡು ವೇದಿಕೆಗೆ ಬಂದರು. ನೌನಿನ ಹೊಟ್ಟೆಯ ಮೇಲೆ ಬೋರ್ಡು ಅಡ್ಡಡ್ಡ ಮಲಗಿತ್ತು. ಅಡ್ಜೆಕ್ಟಿವು ತಲೆಗೆ ಬಣ್ಣ ಹಚ್ಚಿಸಿಕೊಂಡು ಬಂದಿದ್ದ. ಪ್ರಿಪೊಸಿಷನ್ನಿಗೆ ವೇದಿಕೆಯ ಕೆಳಗೆ ನುಸುಳಲು ಹೋಗಿ ಸೊಂಟ ಹಿಡಿದುಕೊಂಡಿತು. ಜನ ಹೊಟ್ಟೆ ಹಿಡಿದುಕೊಂಡು ನಗುತ್ತಿದ್ದರು.

"ಈಗ ಎಂಟನೆಯದು!" ಕೀರ್ತಿಕುಮಾರ್ ಮೈಕಿನಲ್ಲಿ ಕೂಗಿದ. ಎಲ್ಲರೂ ಹಿಂತಿರುಗಿ ನೋಡಿದರು. ಶಾಮಿಯಾನದ ಆಚೆ, ಬಿಸಿಲಿನಲ್ಲಿ, ಒಂದು ನೀರಿನ ಹಂಡೆ ಇಟ್ಟಿದ್ದರು. ಪಕ್ಕದಲ್ಲಿ ನೆಲದ ಮೇಲೆ ಒಂದು ಬೋರ್ಡು. "ಅವನೆಲ್ಲಿದಾನೆ ಅಂತ ನಮ್ಮ ಸರ್‌ಗೂ ಗೊತ್ತಿಲ್ಲವಂತೆ. ಯಾರಾದ್ರೂ ವಾಲಂಟಿಯರ್ ಬನ್ನಿ, ಒಂದ್ಸಲ ಅಯ್ಯೋ ಅನ್ನಿ ಸಾಕು!"

ಲಿಖಿತಾ ಕೈ ಎತ್ತಿದಳು. ದಿವ್ಯಶ್ರೀ ಅದನ್ನು ಹಿಡಿದು ಕೆಳಗಿಳಿಸಿದಳು. ಬ್ಯಾಗು ಕೈಗೆ ತೆಗೆದುಕೊಂಡಳು.

ಮೇಷ್ಟ್ರು ಎದ್ದರು. ಪೇಟವನ್ನು ತೆಗೆದು ಕುರ್ಚಿಯ ಮೇಲಿಟ್ಟು ಮೈಕಿನ ಹತ್ತಿರ ಬಂದರು. ಚಪ್ಪಾಳೆ ಬಿತ್ತು. ನಿಲ್ಲುವವರೆಗೆ ಕಾದರು. ಸುಂದರವಾದ ನಾಲ್ಕು ಮಾತು ತಂತಾವೇ ನಾಲಿಗೆಗೆ ಬರುತ್ತಿದ್ದವು, ನುಂಗಿದರು.

"ಅವರ ಹೆಸರು ಹೆಚ್. ಎಸ್. ರೇವಣ್ಣ," ಅಂದರು. "ಹಾರಂಗಿ ಹತ್ರ ಗದ್ದೆ ಮಾಡ್ತಾರೆ. ನನ್ನ ಸೊಸೆಯ ತಂದೆ. ನಮ್ಮ ಬೀಗರು. ಅವತ್ತು ನಿಮ್ಮ ಹತ್ರ ಗೊತ್ತಿಲ್ಲ ಅಂದಿದ್ದು ಸುಳ್ಳು."

ಅಷ್ಟೇ. ಇನ್ನೊಂದು ಪದ ಸೇರಿಸಲಿಲ್ಲ.

ಮರುಕ್ಷಣ ಅಶೋಕ್ ಕೋಲಿನಿಂದ ವೇದಿಕೆ ಕುಟ್ಟಿ ಹೋ ಎಂದ. ನಾಲ್ಕು ನೂರು ಜನ ಒಟ್ಟಿಗೇ ನಕ್ಕರು. "ಇಂಟರ್ಜೆಕ್ಷನ್ನೇ ಬೀಗ!" "ಸಂಬಂಧ ಇಲ್ಲ ಅಂತಿದ್ರು, ಸಂಬಂಧ ಮಾಡ್ಬಿಟ್ಟಿದಾರೆ!" "ಸರ್ ಇನ್ನೂ ಹಂಗೇ ಇದಾರೆ ಕಣ್ರೋ!" ಯಾರೋ ಸಿಳ್ಳೆ ಹಾಕಿದರು.

"ನಗಬೇಡಿ," ಅಂದರು ಮೇಷ್ಟ್ರು.

ನಗು ಇಮ್ಮಡಿಯಾಯಿತು. ಅವರ ಹಳೇ ಶೈಲಿಯೇ ಅದು. ಕ್ಲಾಸನ್ನು ಚೆನ್ನಾಗಿ ನಗಿಸಿ, ತಾವು ಮುಖ ಗಂಟು ಹಾಕಿಕೊಂಡು 'ನಗಬೇಡಿ' ಅನ್ನುತ್ತಿದ್ದರು. ಆಗಲೇ ಹುಡುಗರು ಇನ್ನೂ ಜೋರಾಗಿ ನಗುತ್ತಿದ್ದದ್ದು. ಎಷ್ಟು ಚೆನ್ನಾಗಿ ಕಲಿಸಿದ್ದರು! ಒಬ್ಬನೂ ಮರೆತಿರಲಿಲ್ಲ.

ಅವರು ಮತ್ತೆ ಬಾಯಿ ತೆರೆದರು, ಮೈಕು ಕೂಗಿತು, ಅದಕ್ಕೂ ನಕ್ಕರು. ಮುಂದಿನ ಸಾಲಿನಲ್ಲಿ ಲಿಖಿತಾಳೂ ಎಲ್ಲರ ಜೊತೆ ಚಪ್ಪಾಳೆ ತಟ್ಟಿ ನಗುತ್ತಿದ್ದಳು. ನಗುತ್ತಲೇ ಅಮ್ಮನ ಮುಖ ನೋಡಿದಳು. ಸುಮಿತ್ರಮ್ಮನ ಮುಖ ನೋಡಿದಳು. ಚಪ್ಪಾಳೆಗೆ ಎತ್ತಿದ ಕೈ ಹಾಗೇ ನಿಂತಿತು.

ಮೇಷ್ಟ್ರು ಮೆಟ್ಟಿಲಿಳಿದು ಬಂದರು. ದಿವ್ಯಶ್ರೀ ಎದ್ದು ನಿಂತು ಅವರಿಗೆ ದಾರಿ ಮಾಡಿದಳು. ಕಣ್ಣು ಕೆಂಪಾಗಿತ್ತು.

"ಹೇಳಿದ್ರಿ," ಅಂದಳು. ಇನ್ನೇನೆಂದೂ ಕರೆಯಲಿಲ್ಲ, ಸರ್ ಅನ್ನಲಿಲ್ಲ, ಮಾವ ಅನ್ನಲಿಲ್ಲ. ಬ್ಯಾಗನ್ನು ನಿರಂಜನ್ ಕೈಗೆ ಕೊಟ್ಟು, "ಕಾರಲ್ಲಿಡಿ. ಮನೆಗೆ ಹೋಗಣ" ಅಂದಳು.

ಹಿಂದಿನ ಸೀಟಿನಲ್ಲಿ ಲಿಖಿತಾ ಅಜ್ಜನ ಪಕ್ಕ ಕೂತಿದ್ದಳು. ಕಾರು ಕೊಡ್ಲಿಪೇಟೆಯ ಸಂತೆಮಾಳ ದಾಟಿತು.

"ಅಜ್ಜ, ಅದು ಹಾರಂಗಿ ಅಜ್ಜನಾ?"

"ಹೂಂ."

"ನೀವೇ ಆಚೆ ಕೂರ್ಸಿದ್ದಾ?"

"ಹೂಂ, ನಾನೇ."

"ಯಾಕೆ?"

ಗ್ರಾಮರ್ ಎಂಬ ಉತ್ತರ ಸಿದ್ಧವಿತ್ತು. ಅದು ಸುಳ್ಳೆಂದು ಅದನ್ನು ಕಲಿಸಿದವರಿಗಿಂತ ಚೆನ್ನಾಗಿ ಯಾರಿಗೆ ಗೊತ್ತು?

"ನಗ್ಸೋಕೆ ಕಣವ್ವ. ಕ್ಲಾಸಿನೋರು ನಗಲಿ ಅಂತ."

ಲಿಖಿತಾ ಕಿಟಕಿಯಾಚೆ ನೋಡಿದಳು. ಮುಂದಿನ ಸೀಟಿನಲ್ಲಿ ದಿವ್ಯಶ್ರೀ ತಿರುಗಲಿಲ್ಲ, ಆದರೆ ಕೇಳುತ್ತಿದ್ದಳು.

"ಹಾರಂಗಿ ಅಜ್ಜ ನಕ್ರಾ?"

ಮೇಷ್ಟ್ರಿಗೆ ಜುಲೈ ತಿಂಗಳ ಆ ಕಿಟಕಿ ಕಂಡಿತು. ಆಚೆ ಒಬ್ಬ ಹುಡುಗ. ಅಂಗಿ ಮೈಗೆ ಅಂಟಿದೆ, ಅಂಗಿಯೊಳಗೆ ಪುಸ್ತಕದ ಚೌಕ. ಎದ್ದು ನಿಂತವನು ಮತ್ತೆ ಕೂತ. ಒಳಗಿನಿಂದ ನಗು ಬಂದಾಗ ಅವನು ತಲೆಯೆತ್ತಿ ಎಲ್ಲರ ಮುಖ ನೋಡಿದ, ಆಮೇಲೆ ಮೇಷ್ಟ್ರ ಮುಖ ನೋಡಿದ.

"ನಕ್ಕ," ಅಂದರು ಮೇಷ್ಟ್ರು. "ಎಲ್ಲರಿಗಿಂತ ಜೋರಾಗಿ ನಕ್ಕ."